ಮುಚ್ಚದ ಬಿಲ್ಲೆ

ತುಂಗಭದ್ರೆಯ ದಂಡೆಯಲ್ಲಿ, ಗುಂಡುಗಲ್ಲುಗಳ ನಡುವೆ, ರುದ್ರಯ್ಯಜ್ಜರ ಆಶ್ರಮವಿತ್ತು. ಅಲ್ಲಿಗೆ ಪಂಪಾಪತಿ ಎಂಬ ತರುಣನೊಬ್ಬ ಬಂದ. ಯಂತ್ರಶಾಸ್ತ್ರದಲ್ಲಿ ಪದವಿ ಪಡೆದವನು. ಅವನ ಜೊತೆಗೆ ಬಂದದ್ದು ಒಂದು ಚೀಲ ಮತ್ತು ಒಂದು ಸಿಟ್ಟು.

ಕುಳಿತಲ್ಲಿ ಅವನ ಬಲಮೊಣಕಾಲು ಕುಣಿಯುತ್ತಿತ್ತು. ಅದು ಅವನಿಗೆ ಗೊತ್ತಿರಲಿಲ್ಲ.

“ಗುರುಗಳೇ, ನನ್ನದು ಒಂದೇ ಪ್ರಶ್ನೆ. ನಾನು ಎಲ್ಲಿ ಹೋದರೂ ಯಾರೋ ಒಬ್ಬರು ಅಡ್ಡ ನಿಂತಿರುತ್ತಾರೆ. ಕಾಲೇಜಿನಲ್ಲಿ ನಿಂತರು. ಕಾರ್ಖಾನೆಯಲ್ಲಿ ನಿಂತರು. ಮನೆಯಲ್ಲಿಯೂ ನಿಂತರು. ಈ ತಡೆಗಳನ್ನೆಲ್ಲ ತೆಗೆದುಹಾಕುವ ಬಗೆ ಯಾವುದು?”

ಅಜ್ಜರು ಅವನ ಮೊಣಕಾಲನ್ನೇ ನೋಡುತ್ತಿದ್ದರು.

“ನಿನಗ ವ್ಯಾನ್ ರಿಪೇರಿ ಬರ್ತೈತೇನು?”

“ನಾನು ಕೇಳಿದ್ದು ಅದಲ್ಲ.”

“ನಾ ಕೇಳಿದ್ದು ಅದ.”

ಹೀಗೆ ವ್ಯಾನು ಪಂಪಾಪತಿಯ ಪಾಲಿಗೆ ಬಂತು.

ಅದು ಯಾರೋ ಭಕ್ತರು ಬಿಟ್ಟುಹೋದ ಹಳೆಯ ಬಿಳಿ ವ್ಯಾನು. ಆಶ್ರಮದಿಂದ ಪೇಟೆಯ ಆಸ್ಪತ್ರೆಗೆ ಹೋಗಬೇಕಾದರೆ ಕಲ್ಲುಗುಡ್ಡದ ಏರನ್ನು ಹತ್ತಿ ಆಚೆಗೆ ಇಳಿಯಬೇಕು. ಹೊಳೆದಂಡೆಯ ಕೇರಿಗಳಲ್ಲಿ ಯಾರಿಗೆ ಏನಾದರೂ ಇದೇ ವ್ಯಾನು. ನಾಲ್ಕು ಜನ ಕೂತರೆ ಏರಿನ ನಡುವೆ ಅದಕ್ಕೆ ಏದುಸಿರು ಬರುತ್ತಿತ್ತು. ಆಗ ಇಬ್ಬರು ಇಳಿದು ತಳ್ಳುವುದು ವಾಡಿಕೆ.

ಅಡುಗೆಯ ಹುಲಿಗೆಮ್ಮ ಅವನ ತಟ್ಟೆಗೆ ರೊಟ್ಟಿ ಹಾಕುತ್ತ ಹೇಳಿದಳು:

“ಹೋದ ವರ್ಷ ನನ್ನ ಮಗಳು ದುರುಗವ್ವ ನೋವು ತಿನಕೊಂತ ಇದ ಏರಿನಾಗ ಇಳಿದು ನಡೆದ್ಲು. ಕೂಸು ಉಳೀಲಿಲ್ಲ. ಈಗ ಮತ್ತ ಬಸುರಿ ಅದಾಳ. ಅದಕ್ಕ ಹೇಳಾಕತ್ತೀನಿ, ಅದನ್ನ ಹತ್ತೂವಂಗ ಮಾಡಪ್ಪ.”

“ಮಾಡುತ್ತೇನೆ. ಅದರ ಉಸಿರಾಟಕ್ಕೆ ತಡೆಯಿದೆ. ತಡೆಯನ್ನು ನಿವಾರಿಸಿದರೆ ಶಕ್ತಿ ತಾನಾಗಿ ವೃದ್ಧಿಸುತ್ತದೆ.”

“ಏನ್ ರೇಡಿಯೋದಾಗ ಸುದ್ದಿ ಓದಿದಂಗ ಮಾತಾಡ್ತೀಯೋ ಯಪ್ಪಾ,” ಎಂದಳು ಹುಲಿಗೆಮ್ಮ. “ಆತು. ಮುಗಿಸಿ ಜಾಗಟಿ ಬಾರಸು.”

“ಯಾವ ಜಾಗಟೆ?”

ಅವಳು ಅಂಗಳದ ಬೇವಿನ ಮರವನ್ನು ತೋರಿಸಿದಳು. ಕೊಂಬೆಗೆ ಒಂದು ಕಂಚಿನ ಜಾಗಟೆ ತೂಗುತ್ತಿತ್ತು.

“ಇಲ್ಲಿ ಕೆಲಸ ಮುಗೀತು ಅಂತ ಅಜ್ಜಾರು ಹೇಳಂಗಿಲ್ಲ. ಮಾಡಿದಾಂವನ ಹೇಳಬೇಕು. ಜಾಗಟಿ ಬಾರಿಸಿದಿ ಅಂದ್ರ ಮುಗೀತು. ಆಮ್ಯಾಲೆ ಅದಕ್ಕ ಕೈ ಹಚ್ಚಂಗಿಲ್ಲ. ಹಂಗ ಒಂದು ಕೆಲಸ ಮುಗಿಸಿದಾಂವಗ ಅಷ್ಟ ಅಜ್ಜಾರು ಉಪದೇಶ ಕೊಡೋದು.”

“ಬಾರಿಸಿದ ಮೇಲೆ ತಪ್ಪು ಕಂಡರೆ?”

“ಎಲ್ಲಾರ ಮುಂದ ನೀನ ಜಾಗಟಿ ಇಳಿಸಿ ಬೋರಲ ಹಾಕಬೇಕು. ಕೆಲಸ ಖರೇನ ಮುಗಿಯೋತನಕ ಅದು ಮ್ಯಾಲ ಏರಂಗಿಲ್ಲ. ಉಣ್ಣಾಕ ಕರಿಯೋದೂ ಅದ ಜಾಗಟಿ ನೋಡು. ಅಷ್ಟೂ ದಿನ ಗುಡಿಸಲಾ ಗುಡಿಸಲಾ ತಿರುಗಿ ಉಣ್ಣಾಕ ಬರ್ರಿ ಅಂತ ನೀನ ಕರೀಬೇಕು.”

“ಯಾರಾದರೂ ಇಳಿಸಿದ್ದಾರೆಯೇ?”

“ಒಬ್ಬಾಂವ ಇಳಿಸೋ ಬದಲಿ ರಾತ್ರೋರಾತ್ರಿ ಹೊಳಿ ದಾಟಿ ಹೋದ. ಅವನ ಲೋಟ ಇನ್ನೂ ನನ್ನ ಹತ್ರ ಐತಿ.”

ಪಂಪಾಪತಿ ನಕ್ಕ. ಆಶ್ರಮಕ್ಕೆ ಬಂದ ಮೇಲೆ ಅದೇ ಅವನ ಮೊದಲ ನಗು. ಹೊಳೆ ದಾಟಿ ಹೋದವನು ಪದವೀಧರನಾಗಿರಲಿಕ್ಕಿಲ್ಲ ಎಂದು ಅವನೆಣಿಕೆ.

ಮರುದಿನ ವ್ಯಾನಿನ ಮುಂದಿನ ಸೀಟನ್ನು ಎತ್ತಿ, ಎಂಜಿನ್ನಿನಿಂದ ಒಂದು ತುಂಡನ್ನು ಬಿಚ್ಚಿ ತಂದು ಜಗಲಿಯ ಮೇಲೆ ಹಳೆಯ ಪಂಚೆ ಹಾಸಿ ಇಟ್ಟ. ಅಲ್ಯೂಮಿನಿಯಂನ ಗಿಡ್ಡ ಕೊಳವೆ. ಅದರ ನಡುವೆ ಅಡ್ಡಲಾಗಿ ಒಂದು ಕಡ್ಡಿ. ಕಡ್ಡಿಗೆ ಕೂರಿಸಿದ ಹಿತ್ತಾಳೆಯ ದುಂಡು ಬಿಲ್ಲೆ.

ಅಜ್ಜರು ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರು.

“ಇದೇನು?”

“ಥ್ರಾಟಲ್ ಬಾಡಿ. ಎಂಜಿನ್ನಿನ ಮೂಗು ಎಂದುಕೊಳ್ಳಿ. ಗಾಳಿ ಒಳಗೆ ಹೋಗುವುದು ಇದರಿಂದಲೇ.”

“ಮೂಗಿನಾಗ ಬಿಲ್ಲಿ ಯಾಕ?”

“ಆಕ್ಸಿಲರೇಟರ್ ತುಳಿದರೆ ಬಿಲ್ಲೆ ತಿರುಗಿ ದಾರಿ ತೆರೆಯುತ್ತದೆ. ಕಾಲು ತೆಗೆದರೆ ಗಾಳಿಯನ್ನು ತಡೆಯುತ್ತದೆ.”

“ತಡೀಲಿ ಅಂತನ ಇಟ್ಟಾರ?”

“ಹೌದು.”

“ಯಾರೋ ನಿಮ್ಮ ಕಾಲೇಜಿನವರ ಇಟ್ಟಿರಬೇಕು.”

ಪಂಪಾಪತಿ ನಗಲಿಲ್ಲ. ಅಜ್ಜರು ಕೊಳವೆಯನ್ನು ಎತ್ತಿಕೊಂಡು ಬಿಲ್ಲೆಯನ್ನು ಬೆರಳಿನಿಂದ ತೆರೆದು ಬಿಟ್ಟರು. ಚಟಕ್ ಎಂದಿತು. ಮತ್ತೆ ತೆರೆದು ಬಿಟ್ಟರು. ಚಟಕ್.

“ಚಲೋ ಸಪ್ಪಳ,” ಎಂದರು. “ಮನಸ್ಸಿಗೆ ಹಿತ ಆಗತೈತಿ.”

“ಸಪ್ಪಳದಿಂದ ಏರು ಹತ್ತುವುದಿಲ್ಲ, ಗುರುಗಳೇ. ನೋಡಿ, ಪೂರ್ತಿ ತೆರೆದಾಗಲೂ ಈ ಕಡ್ಡಿ ಗಾಳಿಗೆ ಅಡ್ಡ ಬರುತ್ತದೆ. ಕೊಳವೆಯ ಒಳಮೈ ಒರಟಾಗಿದೆ, ಸಾಲದಷ್ಟು ಕಿರಿದಾಗಿದೆ. ಕಾರ್ಖಾನೆಯವರು ಅಂದಾಜಿನಲ್ಲಿ ಮಾಡಿ ಕೈತೊಳೆದುಕೊಂಡಿದ್ದಾರೆ. ನಾನು ಕಡ್ಡಿಯನ್ನು ತೆಳುವಾಗಿಸುತ್ತೇನೆ. ಕೊಳವೆಯನ್ನು ಉಜ್ಜಿ ಅಗಲಿಸುತ್ತೇನೆ.”

“ಎಷ್ಟು ಅಗಲ?”

“ಸಾಕೆನಿಸುವಷ್ಟು.”

“ಅದಕ್ಕೋ, ನಿನಗೋ?”

ಪಂಪಾಪತಿ ಆಗಲೇ ಕೆಲಸಕ್ಕೆ ಬಾಗಿದ್ದ. ಕೈಡ್ರಿಲ್ಲಿನ ತುದಿಯ ಮರದ ಕೋಲಿಗೆ ಲೋಹ ಉಜ್ಜುವ ಉಪ್ಪುಕಾಗದ ಸುತ್ತುವುದರಲ್ಲಿದ್ದ.

ಹಲವು ದಿನ ಜಗಲಿಯಿಂದ ಕಿರ್ರೆನ್ನುವ ಸದ್ದು ಬರುತ್ತಲೇ ಇತ್ತು. ಅವನ ಮುಂಗೈಗಳು ಲೋಹದ ಪುಡಿಯಿಂದ ಬೂದಿ ಬಳಿದಂತಾದವು. ಕಡ್ಡಿಯನ್ನು ಅರದಿಂದ ಎಲೆಯಂಚಿನಷ್ಟು ತೆಳುವಾಗಿಸಿದ. ಕೊಳವೆಯ ಒಳಮೈ ಕನ್ನಡಿಯಾಯಿತು. ಬಾಗಿ ನೋಡಿದರೆ ತನ್ನ ಮುಖವೇ ಕಾಣುತ್ತಿತ್ತು. ಅವನು ಆಗಾಗ ನೋಡುತ್ತಿದ್ದ.

ಕೆಲಸದಲ್ಲಿ ಅವನಿಗೆ ಅಪಾರ ಕುತೂಹಲ, ಇಲ್ಲವೆಂದರೆ ಸುಳ್ಳಾದೀತು. ಗಾಳಿ ಯಾವ ಅಂಚಿಗೆ ತಾಗಿ ಸುಳಿಯಾಗುತ್ತದೆ, ಎಲ್ಲಿ ಜಾರುತ್ತದೆ, ಎಲ್ಲಿ ತಡವರಿಸುತ್ತದೆ ಎಂದು ಊದುಕಡ್ಡಿಯ ಹೊಗೆಯನ್ನು ಕೊಳವೆಯೊಳಗೆ ಬಿಟ್ಟು ಗಂಟೆಗಟ್ಟಲೆ ನೋಡುತ್ತ ಕೂರುತ್ತಿದ್ದ. ಹೊಗೆ ಈಗ ನೇರವಾಗಿ, ಎಲ್ಲಿಯೂ ನಿಲ್ಲದೆ ಹೋಗುತ್ತಿತ್ತು. ಆಗ ಮಾತ್ರ ಅವನ ಮೊಣಕಾಲು ಸುಮ್ಮನಿರುತ್ತಿತ್ತು.

ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಲೆಕ್ಕ ಹಾಕಿದ್ದೆಲ್ಲ ಬಿಲ್ಲೆ ಪೂರ್ತಿ ತೆರೆದಾಗಿನದು. ಮುಚ್ಚಿದಾಗಿನದನ್ನು ಅವನು ನೋಡಲೇ ಇಲ್ಲ. ಮುಚ್ಚುವುದನ್ನು ಅವನು ಕೆಲಸವೆಂದೇ ಎಣಿಸಿರಲಿಲ್ಲ.

ತುಂಡನ್ನು ಮರಳಿ ಕೂರಿಸಿ ಕೀಲಿ ತಿರುಗಿಸಿದ. ವ್ಯಾನು ನಿಂತಲ್ಲಿಯೇ ಗುಡುಗಿತು. ಬೇವಿನ ಮರದ ಕಾಗೆಗಳು ಹಾರಿದವು. ಕಾಲು ಪೆಡಲಿನ ಮೇಲಿಲ್ಲದಿದ್ದರೂ ಎಂಜಿನ್ನು ಓಡುವ ಕುದುರೆಯಂತೆ ಏದುತ್ತಿತ್ತು.

“ಅದೇನು ನಿಂತಲ್ಲೇ ಹಂಗ ಒದರತೈತಿ?” ಎಂದು ಹುಲಿಗೆಮ್ಮ ಕಿವಿ ಮುಚ್ಚಿಕೊಂಡಳು.

“ಅದಕ್ಕೀಗ ಉಸಿರು ಬಂದಿದೆ,” ಎಂದ ಪಂಪಾಪತಿ.

ನೆಟ್ಟಗೆ ಹೋಗಿ ಜಾಗಟೆ ಬಾರಿಸಿದ. ಸದ್ದು ಹೊಳೆಯ ಆಚೆಗೂ ಹೋಯಿತು.

“ಮುಗೀತೇನು?” ಅಜ್ಜರು ಕೇಳಿದರು.

“ಮುಗಿಯಿತು.”

“ಹಂಗಾರ ನನ್ನ ಕರಕೊಂಡು ಹೋಗು. ಏರು ಹತ್ತೋದು ನೋಡಬೇಕು. ನನಗೂ ಆಸೆ.”

ವ್ಯಾನು ಹತ್ತಿತು. ಹತ್ತಿತು ಎನ್ನುವುದೂ ಕಡಿಮೆಯೇ, ನುಂಗಿತು. ಯಾವ ತಿರುವಿನಲ್ಲಿ ಜನ ಇಳಿದು ತಳ್ಳುತ್ತಿದ್ದರೋ ಆ ತಿರುವು ಕಂಡು ಮರೆಯಾಯಿತು. ಅಜ್ಜರು ಕಿಟಕಿಯ ಅಂಚನ್ನು ಹಿಡಿದು ಮಗುವಿನಂತೆ ಹೊರಗೆ ನೋಡುತ್ತಿದ್ದರು.

“ಶಹಬ್ಬಾಸ್! ಹಕ್ಕಿ ಆಗೇತಿ!”

ಗುಡ್ಡದ ನೆತ್ತಿಯಲ್ಲಿ ಪಂಪಾಪತಿ ವ್ಯಾನನ್ನು ಮರಳಿ ಆಶ್ರಮದತ್ತ ತಿರುಗಿಸಿದ. ಇಳಿಜಾರು ಶುರುವಾಯಿತು. ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದ.

ವೇಗ ಇಳಿಯಲಿಲ್ಲ.

ಗೇರನ್ನು ತಗ್ಗಿಸಿದ. ಎಂಜಿನ್ನು ಕಿರುಚಿತೇ ಹೊರತು ವ್ಯಾನನ್ನು ಹಿಡಿಯಲಿಲ್ಲ. ಬೆನ್ನಿಗೆ ಯಾರೋ ಕೈಯಿಟ್ಟು ತಳ್ಳುತ್ತಿರುವಂತಿತ್ತು. ಬ್ರೇಕು ತುಳಿದ, ಬಿಟ್ಟ, ಮತ್ತೆ ತುಳಿದ. ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಬ್ರೇಕಿನ ಪೆಡಲು ನೆನೆದ ಹತ್ತಿಯಂತೆ ಮೆತ್ತಗಾಯಿತು. ಕೆಳಗೆ ಹೊಳೆ ಬಿಸಿಲಿಗೆ ಮಿನುಗುತ್ತಿತ್ತು. ರಸ್ತೆ ನೇರವಾಗಿ ಅದರತ್ತಲೇ ಹೋಗುತ್ತಿತ್ತು.

ಪಂಪಾಪತಿ ಕೀಲಿ ತಿರುಗಿಸಿ ಎಂಜಿನ್ನನ್ನೇ ಆರಿಸಿದ. ವ್ಯಾನು ಮುಗ್ಗರಿಸಿತು, ರಸ್ತೆ ಬಿಟ್ಟು ಸರಿದು, ಒಂದು ಗುಂಡುಗಲ್ಲಿಗೆ ಮೂತಿ ತಾಗಿಸಿ ನಿಂತಿತು.

ಅಜ್ಜರು ಕಿಟಕಿಯ ಅಂಚಿನಿಂದ ಕೈ ತೆಗೆದು ಪಂಪಾಪತಿಯತ್ತ ತಿರುಗಿದರು.

ಅಜ್ಜರ ದನಿಯಲ್ಲಿ ಭಯವಿರಲಿಲ್ಲ; ಏನನ್ನೋ ತಿಳಿಯಬೇಕೆಂಬ ಆಸೆಯಿತ್ತು.

“ಹತ್ತೂವಾಗ ನಿನ್ನ ಮಾತು ಕೇಳಿತು. ಇಳಿಯೂವಾಗ ಯಾರ ಮಾತು ಕೇಳಾಕತ್ತಿತ್ತು?”

“ಬ್ರೇಕು ಹಳೆಯದು.”

“ಹೌದೇನು?”

“ಹೌದು.”

“ಹಂಗಾರ ನಾ ನಡಕೊಂತ ಹೋಗ್ತೀನಿ.” ಅಜ್ಜರು ಬಾಗಿಲು ತೆರೆದು ಇಳಿದರು. “ನನ್ನ ಮೊಣಕಾಲೂ ಹಳೇವ. ಆದ್ರ ನಿಂದ್ರು ಅಂದ್ರ ನಿಂದರ್ತಾವ.”

ಪಂಪಾಪತಿ ಒಬ್ಬನೇ ವ್ಯಾನಿನಲ್ಲಿ ಕುಳಿತ. ಉತ್ತರ ಅವನಿಗೆ ಆಗಲೇ ಗೊತ್ತಿತ್ತು. ಕಾಲು ತೆಗೆದಾಗ ಗಾಳಿ ನಿಲ್ಲಬೇಕು. ಗಾಳಿ ನಿಂತಾಗ ಎಂಜಿನ್ನು ಬಿಗಿದುಕೊಂಡು ಗಾಲಿಗಳನ್ನು ಹಿಡಿಯಬೇಕು. ಮೊದಲ ವರ್ಷದ ಹುಡುಗನೂ ಹೇಳುವ ಪಾಠ. ಗೊತ್ತಿದ್ದೂ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹೇಳಿದರೆ ಜಾಗಟೆ ಇಳಿಸಬೇಕು. ಇಳಿಸಿದರೆ, ತನಗೆ ಅಡ್ಡ ನಿಂತ ಅಷ್ಟೂ ಜನ ಎಲ್ಲಿದ್ದರೂ ನಕ್ಕಾರು.

ಕಲ್ಲಿನಿಂದ ಹಿಂದಕ್ಕೆ ತೆಗೆದು, ಎಂಜಿನ್ನು ಆರಿಸಿ, ಗೇರಿನಲ್ಲಿಯೇ ಆಮೆಯಂತೆ ವ್ಯಾನನ್ನು ಕೆಳಗಿಳಿಸಿ ಮರದಡಿ ನಿಲ್ಲಿಸಿದ. ಗುಡಿಸಲಿಗೆ ಹೋಗಿ ಚೀಲದೊಳಗೆ ಬಟ್ಟೆ ತುಂಬತೊಡಗಿದ. ಬೇಸಿಗೆಯ ಹೊಳೆಯಲ್ಲಿ ಮೊಣಕಾಲುದ್ದ ನೀರು. ದಾಟುವುದು ಕಷ್ಟವಲ್ಲ.

ಬಾಗಿಲಲ್ಲಿ ಹುಲಿಗೆಮ್ಮ ನಿಂತಿದ್ದಳು. ಕೈಯಲ್ಲಿ ಬೆಲ್ಲದ ತುಂಡು.

“ಬಾಯಿ ಸಿಹಿ ಮಾಡ್ಕೋ. ಏರು ಹಕ್ಕಿ ಹಂಗ ಹತ್ತಿತಂತ, ಅಜ್ಜಾರು ಹೇಳಿದ್ರು.”

“ಮತ್ತೇನು ಹೇಳಿದರು?”

“ಮತ್ತೇನಿಲ್ಲ. ದುರುಗವ್ವಗ ದಿನ ತುಂಬ್ಯಾವ, ನಾಳೆ ಇಲ್ಲಿಗೇ ಕರಕೊಂಡು ಬರ್ತೀನಿ. ಈ ಸಲ ನನಗ ಅಂಜಿಕಿ ಇಲ್ಲಪ್ಪ. ನೀ ಅದೀಯಲ್ಲ.” ಅವಳ ಕಣ್ಣು ಚೀಲದ ಮೇಲೆ ಬಿತ್ತು. “ಎಲ್ಲಿಗೆ ಹೊಂಟಿ?”

ಬೆಲ್ಲ ಪಂಪಾಪತಿಯ ಅಂಗೈಯಲ್ಲಿ ಕರಗುತ್ತಿತ್ತು. ಗುಡ್ಡದ ಆಚೆಗಿನ ಇಳಿಜಾರನ್ನು ನೆನೆದ. ಆಸ್ಪತ್ರೆ ಅದರ ಬುಡದಲ್ಲಿದೆ. ಆ ಇಳಿಜಾರಿನಲ್ಲಿ, ನೋವು ತಿನ್ನುವ ಹೆಂಗಸನ್ನು ಹಿಂದೆ ಮಲಗಿಸಿಕೊಂಡು, ಬೆನ್ನಿಗೆ ಕೈಯಿಟ್ಟು ತಳ್ಳುವ ಎಂಜಿನ್ನು.

“ಎಲ್ಲಿಗೂ ಇಲ್ಲ,” ಎಂದ.

ಸಂಜೆಯ ಪ್ರಾರ್ಥನೆಗೆ ಎಲ್ಲರೂ ಕೂಡಿದ್ದರು. ಪಂಪಾಪತಿ ಎದ್ದು ಬೇವಿನ ಮರದತ್ತ ನಡೆದ. ಹಗ್ಗದ ಗಂಟು ಬಿಗಿದಿತ್ತು. ಎಷ್ಟೋ ವರ್ಷದಿಂದ ಯಾರೂ ಬಿಚ್ಚಿರಲಿಲ್ಲ. ಹಲ್ಲಿನಿಂದ ಕಚ್ಚಿ ಬಿಡಿಸಿದ. ಜಾಗಟೆ ಅವನೆಣಿಸಿದ್ದಕ್ಕಿಂತ ಭಾರವಿತ್ತು. ಅದನ್ನು ತಂದು ಎಲ್ಲರ ಮುಂದೆ ಬೋರಲು ಹಾಕಿದ.

“ಕೆಲಸ ಮುಗಿದಿಲ್ರಿ,” ಎಂದ. “ಬ್ರೇಕಿಂದೇನೂ ತಪ್ಪಿಲ್ಲ. ತಪ್ಪು ನಂದ.”

ಹುಲಿಗೆಮ್ಮ ತಲೆಯೆತ್ತಿ ನೋಡಿದಳು.

ಬೆಳಿಗ್ಗೆ ಅವನು ಆ ತುಂಡನ್ನು ಮತ್ತೆ ಬಿಚ್ಚಿದ. ಬಿಲ್ಲೆಯನ್ನು ಮುಚ್ಚಿ ಸೂರ್ಯನಿಗೆ ಹಿಡಿದ. ಬಿಲ್ಲೆಯ ಸುತ್ತ ಬೆಳಕಿನ ತೆಳುವಾದ ಬಳೆ ಕಂಡಿತು.

ಅಜ್ಜರು ಬಂದು ಒಂದು ಕಣ್ಣು ಮುಚ್ಚಿ ಇಣುಕಿದರು.

“ಅಬ್ಬಾ! ಗ್ರಹಣದ ಹಂಗ ಕಾಣತೈತಿ. ಚಂದ ಐತಿ.”

“ಚಂದ ಅಲ್ರಿ. ಕೊಳವಿ ದೊಡ್ಡದಾತು, ಬಿಲ್ಲಿ ಇದ್ದಷ್ಟ ಉಳೀತು. ಈ ಸಂದಿನಾಗ ಯಾವಾಗ್ಲೂ ಗಾಳಿ ನುಗ್ಗತೈತಿ.”

ಅಜ್ಜರು ಬಿಲ್ಲೆಯನ್ನು ತೆರೆದು ಬಿಟ್ಟರು. ಸದ್ದೇ ಆಗಲಿಲ್ಲ. ಮತ್ತೊಮ್ಮೆ ಬಿಟ್ಟು ಕಿವಿಗೆ ಹಿಡಿದರು.

“ಮತ್ತ ಮೊದಲಿನಂಗ ಮಾಡಾಕ ಬರ್ತೈತೇನು?”

“ಇಲ್ರಿ. ಉಜ್ಜಿದ್ದು ಹೋತು. ಹಾಕಾಕ ಬರಂಗಿಲ್ಲ.”

ಅಜ್ಜರು ಜಗಲಿಯ ಮೇಲಿನ ಲೋಹದ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಊದಿದರು. ಅದು ಬಿಸಿಲಲ್ಲಿ ಮಿಂಚಿ ಹೋಯಿತು.

ಪಂಪಾಪತಿ ಗುಡ್ಡವನ್ನು ನಡೆದೇ ಹತ್ತಿ ಇಳಿದು ಪೇಟೆಯ ಗುಜರಿಗೆ ಹೋದ. ಒಡೆದ ವ್ಯಾನುಗಳ ರಾಶಿಯ ಮುಂದೆ ಕುಳಿತು, ಅಂಥದೇ ತುಂಡುಗಳನ್ನು ಒಂದೊಂದಾಗಿ ಎತ್ತಿ, ಬಿಲ್ಲೆಯನ್ನು ತೆರೆದು ಬಿಟ್ಟು, ಕಿವಿಯ ಹತ್ತಿರ ಹಿಡಿದ. ಸೂರ್ಯನಿಗೆ ಹಿಡಿದ. ಬದಿಗಿಟ್ಟ. ಮತ್ತೊಂದು ಎತ್ತಿದ.

ಗುಜರಿಯವನು ಬಹಳ ಹೊತ್ತು ಸಹಿಸಿದ. ಕೊನೆಗೆ, “ಏನ್ರೀ, ತಬಲಾ ಕೊಳ್ಳಾಕ ಬಂದೀರೇನು?” ಎಂದ.

“ಹೌದ್ರಿ,” ಎಂದ ಪಂಪಾಪತಿ. “ಶ್ರುತಿ ಕೂಡವಲ್ದು.”

ಮಧ್ಯಾಹ್ನ ಇಳಿಯುವ ಹೊತ್ತಿಗೆ, ಮಸಿ ಮೆತ್ತಿದ ಒಂದು ತುಂಡು ಚಟಕ್ ಎಂದಿತು. ಸೂರ್ಯನಿಗೆ ಹಿಡಿದ. ಕತ್ತಲೆ. ಕಾರ್ಖಾನೆಯವರು ಮಾಡಿದಂತೆಯೇ ಇತ್ತು. ಒಳಮೈ ಒರಟು, ಕಡ್ಡಿ ದಪ್ಪ. ಮಸಿಯನ್ನು ಮಾತ್ರ ಒರೆಸಿ, ಉಜ್ಜದೆ, ತಂದು ಕೂರಿಸಿದ.

ಈ ನಡುವೆ ಊಟದ ಹೊತ್ತಿಗೆ ಗುಡಿಸಲಿನಿಂದ ಗುಡಿಸಲಿಗೆ ಅವನೇ ಹೋಗಿ ಕರೆಯುತ್ತಿದ್ದ. ದನ ನೋಡಿಕೊಳ್ಳುವ ಮುದುಕಪ್ಪ ದಿನವೂ ಒಂದೇ ಮಾತನ್ನು ಅಷ್ಟೇ ಖುಷಿಯಿಂದ ಹೇಳುತ್ತಿದ್ದ:

“ಬಂತು ನೋಡ್ರಿ, ಕಾಲು ಬಂದ ಜಾಗಟಿ! ಒಂದು ಪೆಟ್ಟು ಹೊಡೆದು ನೋಡಲೇನು, ಸಪ್ಪಳ ಬರ್ತೈತೋ ಇಲ್ಲೋ?”

ಮೊದಲ ದಿನ ಪಂಪಾಪತಿ ಹಲ್ಲು ಕಚ್ಚಿಕೊಂಡ. ಆಮೇಲೊಂದು ದಿನ, “ಹೊಡೀರಿ, ಯಪ್ಪಾ. ಆದ್ರ ಉಂಡಮ್ಯಾಲೆ,” ಎಂದ. ಮುದುಕಪ್ಪ ಕೋಲು ಊರಿಕೊಂಡು ನಗುತ್ತಲೇ ಪಂಕ್ತಿಗೆ ಬಂದ.

ಅಜ್ಜರು ಕೇಳಿದರು: “ತುಂಡು ಕೂಡಿಸಿದಿ. ಜಾಗಟಿ ಏರಸೋದಿಲ್ಲೇನು?”

“ಇಲ್ರಿ ಅಜ್ಜಾರ. ಖಾಲಿ ಇಳಿಸಿ ನೋಡೇನಿ, ಮಂದಿ ಕುಂತಾಗ ಇಳಿಜಾರು ಇನ್ನೂ ನೋಡಿಲ್ಲ.”

ದುರುಗವ್ವನಿಗೆ ಒಂದು ಮುಂಜಾನೆ ನೋವು ಶುರುವಾಯಿತು. ಅವಳನ್ನು ಹಿಂದೆ ಮಲಗಿಸಿ, ತಲೆಯ ಕಡೆ ಹುಲಿಗೆಮ್ಮ ಕುಳಿತಳು. ಅಜ್ಜರು ಬಾಗಿಲು ಹಾಕಿದರು.

ವ್ಯಾನು ಮೊದಲ ಗೇರಿನಲ್ಲಿ ನರಳುತ್ತ ಹತ್ತತೊಡಗಿತು.

“ಇದೇನೋ ಮತ್ತ ಮೊದಲಿನಂಗ ಕುಂಟಾಕತ್ತೇತಿ!” ಹುಲಿಗೆಮ್ಮ ಚೀರಿದಳು. “ಹಕ್ಕಿ ಅಂದಿದ್ರಲ್ಲೋ!”

“ಹಕ್ಕಿ ಅಲ್ಲವ್ವ, ಎತ್ತು,” ಎಂದ ಪಂಪಾಪತಿ. “ಯಾರೂ ಇಳೀಬ್ಯಾಡ್ರಿ. ಯಾರನ್ನೂ ಇಳಸಂಗಿಲ್ಲ ನಾ.”

ಜನ ಇಳಿದು ತಳ್ಳುತ್ತಿದ್ದ ತಿರುವು ಬಂತು. ಎಂಜಿನ್ನು ಏದಿತು. ಅವನು ಆಕ್ಸಿಲರೇಟರನ್ನು ಒಂದೇ ಸಮನೆ ತುಳಿಯದೆ, ಅದು ಕೇಳಿದಷ್ಟನ್ನೇ ಕೊಟ್ಟ. ಕಲ್ಲುಗಳು ಒಂದೊಂದಾಗಿ ಹಿಂದೆ ಸರಿದವು. ದುರುಗವ್ವ ಅವ್ವನ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ತಿರುವು ದಾಟಿತು. ಯಾರೂ ಇಳಿಯಲಿಲ್ಲ.

ನೆತ್ತಿಯಲ್ಲಿ ಅವನು ಕಾಲು ತೆಗೆದ.

ಸೀಟಿನ ಕೆಳಗೆ ಎಲ್ಲೋ, ಅವನಿಗೊಬ್ಬನಿಗೇ ಕೇಳುವಂತೆ, ಬಿಲ್ಲೆ ಮುಚ್ಚಿತು. ಹಗ್ಗ ಬಿಗಿಹಿಡಿದ ಎತ್ತಿನಂತೆ ವ್ಯಾನು ತನ್ನನ್ನು ತಾನು ಹಿಡಿದುಕೊಂಡು, ಆಸ್ಪತ್ರೆಯವರೆಗೆ ಹೆಜ್ಜೆ ಹೆಜ್ಜೆಗೆ ಇಳಿಯಿತು.

ಮಗು ಹುಟ್ಟಿತು. ಹೆಣ್ಣು. ಅತ್ತಿತು, ಕುಡಿಯಿತು, ಮಲಗಿತು.

ಅವರನ್ನು ಆಶ್ರಮಕ್ಕೆ ಮರಳಿ ಕರೆತರುವ ದಿನ, ಹೊಳೆಯತ್ತ ಇಳಿಯುವ ರಸ್ತೆಯಲ್ಲಿ ಪಂಪಾಪತಿ ಬ್ರೇಕನ್ನು ತುಳಿದದ್ದೇ ಅಪರೂಪ. ಬೇವಿನ ಮರದಡಿ ವ್ಯಾನು ನಿಂತಾಗ ಬಾಣಂತಿಯ ಕಣ್ಣು ಹತ್ತಿತ್ತು. ಮಗು ಹುಲಿಗೆಮ್ಮನ ತೊಡೆಯ ಮೇಲೆ, ಬಿಗಿದ ಮುಷ್ಟಿಯನ್ನು ಗಲ್ಲಕ್ಕೆ ಒತ್ತಿಕೊಂಡು ನಿದ್ದೆಹೋಗಿತ್ತು.

ಅಜ್ಜರು ಬಂದು ವ್ಯಾನಿನ ಬಾಗಿಲಿಗೆ ಅಂಗೈ ಇಟ್ಟರು. ಹಣೆ ಸುಕ್ಕುಗಟ್ಟಿತು.

“ಎಂಜಿನ್ನು ನಡದೈತೋ, ನಿಂತೈತೋ?” ಪಿಸುಮಾತಿನಲ್ಲಿ ಕೇಳಿದರು.

“ನಡದೈತ್ರಿ.”

“ಗೊತ್ತ ಆಗವಲ್ದು.”

ಪಂಪಾಪತಿ ನೆಲದ ಮೇಲೆ ಬೋರಲು ಬಿದ್ದಿದ್ದ ಜಾಗಟೆಯನ್ನು ನೋಡಿದ. ಮೇಲೆ ಖಾಲಿ ಹಗ್ಗವನ್ನು ನೋಡಿದ. ಇಳಿದು, ಜಾಗಟೆಯನ್ನು ಎತ್ತಿ ಕೊಂಬೆಗೆ ಕಟ್ಟಿದ. ಬಡಿಗೆಯನ್ನು ಕೈಗೆತ್ತಿಕೊಂಡ. ಕೇಳಬೇಕಾದದ್ದು ಇನ್ನೂ ಒಂದು ಉಳಿದಿತ್ತು.

“ಅಜ್ಜಾರ, ಕೆಲಸ ಮುಗೀತ್ರಿ. ನಾ ಬಂದ ದಿನ ಒಂದು ಪ್ರಶ್ನೆ ಕೇಳಿದ್ದೆ. ಅದಕ್ಕ ನೀವು ಇನ್ನೂ ಉತ್ತರ ಹೇಳಿಲ್ಲ.”

ಅಜ್ಜರು ಅವನ ಎತ್ತಿದ ಕೈಯನ್ನು ನೋಡಿದರು. ವ್ಯಾನಿನೊಳಗೆ ನೋಡಿದರು. ತುಟಿಗೆ ಬೆರಳಿಟ್ಟರು.

“ಕೂಸು ಏಳೋತನಕ ತಡಕೋ.”